ಸ್ಟೀರಿಂಗ್ ಬಾಕ್ಸ್‌ಗೆ ಈಗ್ಲೇ ಕೈ ಹಾಕ್ಬೇಡ

ಹಾಂ ಚೇತು, ಮಾವ ಮಾತಾಡ್ತಿರೋದು. ಬೆಳಿಗ್ಗೆ ನೀನು ಗ್ರೂಪಲ್ಲಿ ಹಾಕಿದ್ದು ಈಗ ನೋಡ್ದೆ. ಮೆಣಸು ಕೊಯ್ಯೋರು ಬಂದಿದ್ರು, ಫೋನ್ ಮನೇಲೇ ಬಿಟ್ಟು ಹೋಗಿದ್ದೆ. ಸ್ವಲ್ಪ ಉದ್ದ ಆಗುತ್ತೆ ಮಾರಾಯ, ಜೀಪಿನ ಕಥೆ ಬೇಡದೋರು ಕೇಳ್ಬೇಡಿ. ಅಜ್ಜನ ಸಿಜೆ 3ಬಿ ಜೀಪಿನ ಸ್ಟೀರಿಂಗು ಅಂಗೈ ಅಗಲ ಸುಮ್ನೆ ಆಡುತ್ತೆ, ಗ್ಯಾರೇಜಿನವ್ನು ನೋಡಿದ ಕೂಡ್ಲೇ ಸ್ಟೀರಿಂಗ್ ಬಾಕ್ಸೇ, ಅಂದ್ರೆ ಸ್ಟೀರಿಂಗ್ ಕಂಬದ ಬುಡದಲ್ಲಿರೋ ಗೇರಿನ ಡಬ್ಬಿನೇ ಬದಲಾಯಿಸ್ಬೇಕು ಅಂದ, ಮುಂದಿನ ವಾರ ಅದ್ರಲ್ಲೇ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗ್ಬೇಕು. ಇಷ್ಟೇ ತಾನೆ?

ಸ್ಟೀರಿಂಗ್ ಲೂಸು ಅಂತ ನಮ್ಮೋರು ಮೂರು ಬೇರೆ ಬೇರೆ ಕಾಯಿಲೆಗೂ ಒಂದೇ ಹೆಸರು ಇಟ್ಬಿಟ್ಟಿದಾರೆ. ಗಾಡಿ ನಿಂತಿದ್ದಾಗ ಟೈರು ಅಲ್ಲಾಡದೇ ಸ್ಟೀರಿಂಗ್ ಮಾತ್ರ ತಿರುಗಿದ್ರೆ ಅದು ಪ್ಲೇ. ಪ್ಲೇ ಇಲ್ದೇನೂ ಗಾಡಿ ರಸ್ತೆ ತುಂಬ ಅಲೆದ್ರೆ ಟೈರು, ಗಾಳಿ, ಟೋ-ಇನ್ (ಮುಂದಿನ ಚಕ್ರಗಳ ಮೂತಿ ಒಂಚೂರು ಒಳಗೆ ತಿರುಗಿರೋದು) ನೋಡ್ಬೇಕು. 40-50ರಲ್ಲಿ ಹೋಗ್ತಾ ಒಂದು ಗುಂಡಿ ಹಾರಿದ ಕೂಡ್ಲೇ ಮುಂದಿನ ಎರಡೂ ಚಕ್ರ ಕುಣಿಯೋಕೆ ಶುರುವಾದ್ರೆ ಅದು ವಾಬ್ಲಿಂಗ್, ಅಲ್ಲಿ ಕಿಂಗ್ ಪಿನ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗೋದು ಇದರ ಮೇಲೆ) ಮೇಲೆ ಮೊದಲ ಅನುಮಾನ. ನಿನ್ನ ವಿಡಿಯೋದಲ್ಲಿ ಗಾಡಿ ಶೆಡ್ಡಲ್ಲಿ ನಿಂತೇ ಇದೆ. ನಿಂದು ಪ್ಲೇ.

ಇದನ್ನ ಹಿಡಿಯೋಕೆ ಮೆಕ್ಯಾನಿಕ್ ಬೇಡ, ಎರಡು ಜನ ಸಾಕು. ಜಾಕಿ ಹಾಕ್ಬೇಡ, ನಾಲ್ಕೂ ಚಕ್ರ ನೆಲದ ಮೇಲೇ ಇರ್ಲಿ. ಎಂಜಿನ್ ಆಫ್ ಮಾಡಿ ಗೇರಿಗೆ ಹಾಕು, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡು. ಆ ಹ್ಯಾಂಡ್ ಬ್ರೇಕು ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನ ಹಿಡಿಯೋದು, ಚಕ್ರಾನಲ್ಲ, ಅದನ್ನ ನಂಬ್ಕೊಂಡು ಅಡಿಗೆ ಹೋಗ್ಬೇಡ. ಅಕ್ಕಾ, ನೀನೇ ಸ್ಟೀರಿಂಗ್ ಹಿಡ್ಕೊಂಡು ಕೂತ್ಕೋ. ಪೂರ್ತಿ ತಿರುಗಿಸೋದು ಬೇಡ, ಮೊಸರು ಕಡೆದ ಹಾಗೆ ಆ ಕಡೆ ಈ ಕಡೆ, ಪ್ಲೇ ಎಷ್ಟಿದೆಯೋ ಅಷ್ಟೇ. ಚೇತು, ನೀನು ಗೋಣಿ ಹಾಸ್ಕೊಂಡು ಅಡಿಗೆ ಮಲಗು. ಒಂದೊಂದು ಜಾಯಿಂಟನ್ನೂ ಕೈಯಲ್ಲಿ ಹಿಡ್ಕೋ, ಅರ್ಧ ಬೆರಳು ಈ ಕಡೆ ರಾಡ್ ಮೇಲೆ, ಅರ್ಧ ಆ ಕಡೆ ಆರ್ಮ್ ಮೇಲೆ ಇರ್ಬೇಕು. ಎರಡೂ ಒಟ್ಟಿಗೆ ಅಲ್ಲಾಡಿದ್ರೆ ಆ ಜಾಯಿಂಟ್ ಸರಿ ಇದೆ. ಒಂದು ಮೊದಲು, ಇನ್ನೊಂದು ಆಮೇಲೆ ಟಕ್ ಅಂತ ಹೊರಟ್ರೆ ಕಳ್ಳ ಅಲ್ಲೇ. ಕಣ್ಣಿಗೆ ಕಾಣ್ದೇ ಇರೋದು ಬೆರಳಿಗೆ ಗೊತ್ತಾಗುತ್ತೆ.

ಎಲ್ಲಿಂದ ಶುರು ಮಾಡೋದು? ನಾನಾದ್ರೆ ಸೀದಾ ಬೆಲ್ ಕ್ರ್ಯಾಂಕ್‌ಗೆ ಹೋಗ್ತೀನಿ. ಈ ಜೀಪಲ್ಲಿ ಬಾಕ್ಸಿಂದ ಬಂದ ಡ್ರ್ಯಾಗ್ ಲಿಂಕ್ ಅನ್ನೋ ರಾಡು ನೇರ ಚಕ್ರಕ್ಕೆ ಹೋಗಲ್ಲ. ಮುಂದೆ ನಡುವಲ್ಲಿ ಒಂದು ಪಿನ್ನಿನ ಮೇಲೆ ತಿರುಗೋ ತುಂಡು ಇದೆ ನೋಡು, ಅದೇ ಬೆಲ್ ಕ್ರ್ಯಾಂಕು. ಡ್ರ್ಯಾಗ್ ಲಿಂಕ್ ಅದನ್ನ ತಳ್ಳುತ್ತೆ, ಅದರಿಂದ ಎಡ ಚಕ್ರಕ್ಕೊಂದು ಬಲ ಚಕ್ರಕ್ಕೊಂದು ಟೈ ರಾಡು. ಯುದ್ಧದ ಕಾಲದ ವಿಲ್ಲೀಸ್ ಜೀಪಿಂದ ಬಂದ ಏರ್ಪಾಡು ಅದು. ಕೆಸರು, ನೀರು, ಗೊಬ್ಬರದ ಧೂಳು ಎಲ್ಲ ಮೊದಲು ಬಡಿಯೋದು ಅದಕ್ಕೇ, ಗ್ರೀಸ್ ಮಾತ್ರ ಯಾರಿಗೂ ನೆನಪಾಗಲ್ಲ. ಪಿನ್ನು, ಬೇರಿಂಗು ತಿಂದು ಅಲ್ಲಿ ಒಂದೇ ಒಂದು ನೂಲು ಸಡಿಲ ಆದ್ರೂ ಸ್ಟೀರಿಂಗ್ ಅಂಚಿಗೆ ಬರೋ ಹೊತ್ತಿಗೆ ಅದು ಮೂರು ಬೆರಳಾಗಿರುತ್ತೆ. ಕ್ರ್ಯಾಂಕನ್ನ ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡು. ತಿರುಗ್ಬೇಕು, ತೂಗಾಡ್ಬಾರ್ದು. ಪಿನ್ನೂ ಬೇರಿಂಗೂ ಹೊಸದು ಹಾಕೋ ಖರ್ಚಿಗೂ ಬಾಕ್ಸ್ ಬದಲಾಯಿಸೋ ಖರ್ಚಿಗೂ ಆನೆಗೂ ಆಡಿಗೂ ಇರೋ ವ್ಯತ್ಯಾಸ.

ಹಂಗೇ ಡ್ರ್ಯಾಗ್ ಲಿಂಕಿನ ಎರಡೂ ತುದಿ ನೋಡು. ಒಳಗೆ ಬಾಲು, ಸ್ಪ್ರಿಂಗು ಇರುತ್ತೆ, ಹೊರಗೆ ಒಂದು ಪ್ಲಗ್ಗು, ಅದಕ್ಕೆ ಸ್ಪ್ಲಿಟ್ ಪಿನ್ನು. ಸ್ಪ್ರಿಂಗ್ ಮುರಿದಿಲ್ದಿದ್ರೆ ಪ್ಲಗ್ ಬಿಗಿದು, ಬೆಲ್ ಕ್ರ್ಯಾಂಕ್ ಕಡೆ ಅರ್ಧ ಸುತ್ತು, ಬಾಕ್ಸ್ ಕಡೆ ಒಂದು ಸುತ್ತು ವಾಪಸ್ ಬಿಟ್ಟು, ಹೊಸ ಪಿನ್ ಹಾಕಿದ್ರೆ ಆಯ್ತು. ಹಳೇ ಪಿನ್ನನ್ನೇ ನೆಟ್ಟಗೆ ಮಾಡಿ ಹಾಕೋ ಬುದ್ಧಿ ಬೇಡ. ಟೈ ರಾಡ್ ಎಂಡ್‌ಗಳ ರಬ್ಬರ್ ಹರಿದಿದ್ರೆ ಒಳಗೆ ಮಣ್ಣು ಸೇರಿದೆ ಅಂತ್ಲೇ ಲೆಕ್ಕ.

ಆಮೇಲೆ ಜಾಕಿ. ಒಂದೊಂದೇ ಮುಂದಿನ ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸು, ಗಾಡಿ ಅಡಿಗೆ ಮಾತ್ರ ಹೋಗ್ಬೇಡ. ಅಲ್ಲಾಡಿದ್ರೆ ಅಕ್ಕ ಬ್ರೇಕ್ ಒತ್ತಿ ಹಿಡ್ಕೊಳ್ಳಿ, ನೀನು ಇನ್ನೊಂದ್ಸಲ ಅಲ್ಲಾಡಿಸು. ಈಗ ನಿಂತ್ರೆ ವೀಲ್ ಬೇರಿಂಗು, ನಿಲ್ದಿದ್ರೆ ಕಿಂಗ್ ಪಿನ್ ಬೇರಿಂಗು. ಕಿಂಗ್ ಪಿನ್ನಿಗೆ ಶಿಮ್, ಅಂದ್ರೆ ತೆಳು ತಗಡು, ತೆಗೆದು ಬಿಗಿ ಮಾಡ್ಬಹುದು, ಅದು ಮನೇಲಿ ಮಾಡೋ ಕೆಲಸ ಅಲ್ಲ. ಕಮಾನ್ ಪ್ಲೇಟಿನ ಬುಶ್ಶು, ಯು ಬೋಲ್ಟ್ ಸಹ ಒಂದು ಸಲ ನೋಡ್ಕೋ.

ಇಷ್ಟೆಲ್ಲ ಆದ್ಮೇಲೆ ಬಾಕ್ಸು. ಅದ್ರಲ್ಲೂ ಮೊದಲು ನೋಡ್ಬೇಕಾದ್ದು ಬಾಕ್ಸ್ ಒಳಗಲ್ಲ, ಅದನ್ನ ಚಾಸಿಗೆ ಕಟ್ಟಿರೋ ಬೋಲ್ಟು. ಅಕ್ಕ ಅಲ್ಲಾಡಿಸ್ವಾಗ ಬಾಕ್ಸೇ ಚಾಸಿ ಮೇಲೆ ಮಿಸುಕಿದ್ರೆ ಬೋಲ್ಟ್ ಸಡಿಲ ಇರ್ಬೇಕು, ಇಲ್ಲಾ ಚಾಸಿ ಬಿರುಕು ಬಿಟ್ಟಿರ್ಬೇಕು. ಬಿರುಕಿದ್ರೆ ಗಾಡಿ ಅಲ್ಲೇ ನಿಲ್ಲಿಸು. ಬಾಕ್ಸಿನ ಪಕ್ಕ ಒಂದು ಸ್ಕ್ರೂ, ಅದಕ್ಕೊಂದು ಲಾಕ್ ನಟ್ ಇದೆ. ನೋಡಿದ ಕೂಡ್ಲೇ ಎಲ್ಲರ ಕೈ ತುರಿಸೋದು ಅಲ್ಲೇ. ನನ್ನ ಕೈಯೂ ತುರಿಸಿತ್ತು. ನಿಮ್ಮತ್ತೆ ಮದುವೆಯಾಗಿ ಬಂದ ವರ್ಷ, ಇದೇ ಥರದ ಜೀಪು, ಬೆಲ್ ಕ್ರ್ಯಾಂಕ್ ನೋಡ್ದೇ ಆ ಸ್ಕ್ರೂನೇ ಬಿಗಿದು ಪ್ಲೇ ಕಮ್ಮಿ ಮಾಡ್ದೆ ಅಂತ ಬೀಗ್ತಿದ್ದೆ. ಕೊಟ್ಟಿಗೆಹಾರದ ಆಚೆ ಮೊದಲನೇ ತಿರುವಲ್ಲಿ ಸ್ಟೀರಿಂಗ್ ತಿರುಗ್ತು, ಬಿಟ್ರೆ ವಾಪಸ್ ಬರ್ಲೇ ಇಲ್ಲ. ಎಳೆದು ನೆಟ್ಟಗೆ ಮಾಡೋಷ್ಟ್ರಲ್ಲಿ ಬೆವರು ಇಳೀತು. ಅವಳು ಇವತ್ತಿಗೂ ಘಾಟಿಯಲ್ಲಿ ನನ್ನ ಪಕ್ಕ ಕೂತ್ರೆ ಕಂಬಿ ಹಿಡ್ಕೋತಾಳೆ. ಆ ಬಾಕ್ಸು ಸ್ಟೀರಿಂಗ್ ನಡುವಲ್ಲಿದ್ದಾಗ ಬಿಗಿ ಇರ್ಬೇಕು ಅಂತ್ಲೇ ಮಾಡಿರೋದು. ಅದಕ್ಕೇ ಡ್ರ್ಯಾಗ್ ಲಿಂಕ್ ಬಿಚ್ಚಿ, ಸ್ಟೀರಿಂಗ್ ಸರಿಯಾಗಿ ಮಧ್ಯಕ್ಕೆ ತಂದು, ಆಮೇಲೆ ಸ್ಕ್ರೂ ಮುಟ್ಬೇಕು, ಅದೂ ಸ್ವಲ್ಪ ಸ್ವಲ್ಪವೇ.

ಜಾಯಿಂಟ್ ಏನೇ ಬದಲಾಯಿಸಿದ್ರೂ ಟೋ-ಇನ್ ನೋಡಿಸು. ಟೈರುಗಳ ನಡುವಿನ ಅಳತೆ ಹಿಂದಿಗಿಂತ ಮುಂದೆ 1ರಿಂದ 2.5 ಮಿಲಿಮೀಟರ್ ಕಮ್ಮಿ ಇರ್ಬೇಕು. ಮತ್ತೆ ನೀನು ಆಸೆಪಟ್ಟು ಹಾಕ್ಸಿರೋ ಆ ದಪ್ಪ ಟೈರು ಇದೆಯಲ್ಲ, ಈ ಗಾಡಿಗೆ ಬಂದಿದ್ದು 6.00-16. ನಾನೇನೂ ಹೇಳಲ್ಲಪ್ಪ, ಬೆಲ್ ಕ್ರ್ಯಾಂಕೇ ಹೇಳುತ್ತೆ.

ಆರ್‌ಸಿ ರಿನ್ಯೂವಲ್‌ಗೂ ಇದು ಬೇಕೇ ಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ 98ನೇದು, ಸ್ಟೀರಿಂಗ್ ಪ್ಲೇ 30 ಡಿಗ್ರಿ ದಾಟಬಾರ್ದು ಅಂತಿದೆ. 16 ಇಂಚಿನ ಸ್ಟೀರಿಂಗಲ್ಲಿ ಅಂಚಿಗೆ ಅದು 4 ಇಂಚು ಚಿಲ್ಲರೆ. ಅಷ್ಟಿದ್ರೂ ಪಾಸು ಅಂತ ಖುಷಿ ಪಡ್ಬೇಡ, ಚಾರ್ಮಾಡಿಯಲ್ಲಿ ಎದುರಿಗೆ ಬಸ್ ಬಂದಾಗ 4 ಇಂಚು ಬಹಳ ಜಾಸ್ತಿ.

ನಾಳೆ ಬೆಳಕಿರುವಾಗ ಮಾಡು. ಬೆಲ್ ಕ್ರ್ಯಾಂಕ್ ಅಲ್ಲಾಡೋದನ್ನ ಹತ್ತಿರದಿಂದ ವಿಡಿಯೋ ತೆಗೆದು ಹಾಕು. ಜೀಪು ಸದ್ಯಕ್ಕೆ ತೋಟದ ಗೇಟು ದಾಟೋದು ಬೇಡ. ಧರ್ಮಸ್ಥಳಕ್ಕೆ ನನ್ನ ಕಾರು ತಗೊಂಡೋಗಿ, ಡೀಸೆಲ್ ಮಾತ್ರ ನಿಂದು.