ಸಹಾಯ ಬೇಕು: ವೈದ್ಯರ ಪರಸ್ಪರ ಬೆಂಬಲ ಗುಂಪನ್ನು ಯಾರು ನಡೆಸಬೇಕು?

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ವೈದ್ಯಾಧಿಕಾರಿ. ರಾತ್ರಿ ಪಾಳಿಯ ದಣಿವನ್ನೂ ರೋಗಿ ತೀರಿಕೊಂಡಾಗಿನ ಸಂಕಟವನ್ನೂ ಒಳಗೇ ನುಂಗಿಕೊಳ್ಳುವ ಬದಲು ಹಂಚಿಕೊಳ್ಳೋಣವೆಂದು, ಸುತ್ತಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರನ್ನೂ ಸೇರಿಸಿಕೊಂಡು ತಿಂಗಳಿಗೊಮ್ಮೆ ಕೂಡಲು ಆರಂಭಿಸಿದ್ದೇವೆ. ಆದರೆ ಮಾತು ವರ್ಗಾವಣೆ, ಪಾಳಿ ಪಟ್ಟಿ, ಔಷಧಿ ಬೇಡಿಕೆ ಪಟ್ಟಿಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಕಳೆದ ಸಲ ಕಿರಿಯ ವೈದ್ಯೆಯೊಬ್ಬರು ಬಾಣಂತಿಯೊಬ್ಬಳ ಸಾವಿನ ಬಗ್ಗೆ ಬಾಯಿ ತೆರೆದೊಡನೆ ಹಿರಿಯರೊಬ್ಬರು, "ರಕ್ತ ಎಷ್ಟೊತ್ತಿಗೆ ತರಿಸಿದ್ರಿ?" ಎಂದು ಕೇಳಿದರು, ಆಕೆ ಚಹಾದ ಲೋಟ ಕೆಳಗಿಟ್ಟು ಸುಮ್ಮನಾದರು.

ವಾಟ್ಸಾಪ್ ಗುಂಪನ್ನೂ ಮಾಡಿ ನೋಡಿದೆವು. ಅದು ಶುಭೋದಯದ ಚಿತ್ರಗಳಿಂದ ತುಂಬಿಹೋಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಇದೆ, ಆದರೆ ಅಲ್ಲಿ ಒಬ್ಬೊಬ್ಬರೇ ಮಾತನಾಡಬೇಕು. 1950ರ ದಶಕದಲ್ಲಿ ಲಂಡನ್ನಿನಲ್ಲಿ ಮನೋವಿಶ್ಲೇಷಕ ದಂಪತಿ ಮೈಕೇಲ್ ಮತ್ತು ಎನಿಡ್ ಬಾಲಿಂಟ್ ರೂಪಿಸಿದ ಪದ್ಧತಿ ನಮಗೆ ಹೊಂದೀತು ಅನ್ನಿಸುತ್ತದೆ: ಒಬ್ಬರು ತಮ್ಮನ್ನು ಕಾಡಿದ ಪ್ರಕರಣವನ್ನು ಹೇಳಿ ಹಿಂದೆ ಸರಿದು ಕೇಳುತ್ತಾರೆ, ಉಳಿದವರು ಚಿಕಿತ್ಸೆಯ ಸರಿತಪ್ಪುಗಳನ್ನು ಬದಿಗಿಟ್ಟು ವೈದ್ಯ ಮತ್ತು ರೋಗಿಯ ನಡುವಿನ ಸಂಬಂಧವನ್ನು ಕುರಿತು ಯೋಚಿಸುತ್ತಾರೆ. ಅದಕ್ಕೆ ತರಬೇತಾದ ನಿರ್ವಾಹಕರು ಬೇಕು.

ನಾವು ಸಿಕ್ಕಿಕೊಂಡಿರುವುದು ಇಲ್ಲಿಯೇ. ನಮ್ಮಲ್ಲೇ ಸರದಿಯಂತೆ ನಡೆಸಿದರೆ, ನಮ್ಮ ಕಾರ್ಯನಿರ್ವಹಣಾ ವರದಿ ಬರೆಯುವವರೇ ಎದುರಿಗೆ ಕೂತಿರುತ್ತಾರೆ. ಅವರನ್ನು ಬಿಟ್ಟು ಸೇರಿದರೆ ಬೇರೆಯೇ ಅರ್ಥ ಹುಟ್ಟುತ್ತದೆ. ಕಲಬುರಗಿಯಿಂದ ಮನೋವೈದ್ಯರನ್ನು ಕರೆಸಿದರೆ ಪ್ರತಿ ತಿಂಗಳು ಬರುವರೆಂಬ ಭರವಸೆಯಿಲ್ಲ.

ಇಂತಹ ಗುಂಪು ನಡೆಸಿದ ಅನುಭವವಿರುವವರು ದಯವಿಟ್ಟು ತಿಳಿಸಿ: ಹೊರಗಿನ ನಿರ್ವಾಹಕರು ಆನ್‌ಲೈನ್ ಮೂಲಕ ನಡೆಸಿದರೆ ಸಾಕಾಗುವುದೇ, ಮತ್ತು ಮೇಲಧಿಕಾರಿಗಳನ್ನು ಹೊರಗಿಡುವ ನಿಯಮವನ್ನು ಅವರಿಗೆ ನೋವಾಗದಂತೆ ಹೇಗೆ ತಿಳಿಸಿದಿರಿ?