ಹುಡುಗ ಏನ್ ಮಾಡ್ಕೊಂಡಿದ್ದಾನೆ?

ಯಾರ ಹೆಸರು ಕಿವಿಗೆ ಬಿದ್ದರೂ ವಿಮಲಕ್ಕನ ಬಾಯಿಂದ ಮೊದಲು ಬರುವ ಪ್ರಶ್ನೆ ಇದೇ. ಮೈಸೂರು ಬಿಟ್ಟು ಬ್ರಿಸ್ಬೇನ್ ಸೇರಿ ಎಷ್ಟು ಕಾಲವಾದರೂ ಅವರ ತಲೆಯೊಳಗಿನ ವಧೂವರರ ಮಾಹಿತಿ ಕೇಂದ್ರಕ್ಕೆ ಬೀಗ ಬಿದ್ದಿಲ್ಲ. ಅವತ್ತು ಅವರ ಮನೆಯಲ್ಲಿ ಬಿಸಿಬೇಳೆಬಾತ್ ಖಾಲಿಯಾಗಿ, ಬರೀ ಬೂಂದಿ ಉಳಿದು, ಹೊರಗೆ ಮಳೆ ಹಿಡಿದಿತ್ತು. ಸೀನ ಆಸ್ಟ್ರೇಲಿಯದ ಎಬಿಸಿ ರೇಡಿಯೊದ ‘ಕಾನ್ವರ್ಸೇಷನ್ಸ್’ ಕಾರ್ಯಕ್ರಮವನ್ನು ಹೊಗಳುತ್ತಿದ್ದ.

“ಒಬ್ಬರೇ ಅತಿಥಿ, ಸುಮಾರು ಒಂದು ಗಂಟೆ ಮಾತು. ರಿಚರ್ಡ್ ಫಿಡ್ಲರ್ ಅಂತ ಒಬ್ರು ಮಾತಾಡಿಸ್ತಾರೆ. ಪ್ರಶ್ನೆ ಕೇಳಿ ಸುಮ್ಮನಾಗ್ತಾರೆ ಕಣಕ್ಕ, ಅದೇ ಮಜಾ. ಇತಿಹಾಸದ ಪುಸ್ತಕಾನೂ ಬರೀತಾರೆ.”

“ಮೇಷ್ಟ್ರಾ?”

“ಅಲ್ಲ, ಮೊದಲು ಕಾಮಿಡಿ ಮಾಡ್ಕೊಂಡಿದ್ರು.”

ವಿಮಲಕ್ಕನ ಹುಬ್ಬು ಮೇಲೇರಿತು. “ಸರಿಯಾಗಿ ಹೇಳೋ. ವರ್ಷವಾರು ಹೇಳು. ಯಾವ ವರ್ಷದಲ್ಲಿ ಈ ಸಂಬಂಧ ಬಂದಿದ್ರೆ ನಾನು ಹೂಂ ಅಂತಿದ್ದೆ, ನೋಡೋಣ.”

ಆಟ ಶುರುವಾಯಿತು. ಸೀನ ವರನ ಕಡೆಯವನಾದ. ಬಸಣ್ಣ ಮತ್ತು ನಾನು ಬೂಂದಿ ಡಬ್ಬಿಯ ಕಡೆಯವರು.

“1984. ಊರು ಕ್ಯಾನ್‌ಬೆರಾ. ಹುಡುಗ ರಸ್ತೆ ಬದಿ ನಿಂತು ಗಿಟಾರ್ ಬಾರಿಸ್ತಾನೆ. ಹೋಗೋ ಬರೋರು ಚಿಲ್ಲರೆ ಹಾಕ್ತಾರೆ.”

“ಮುಂದಿನ ವರ್ಷಕ್ಕೆ ಹೋಗು.”

“ಪೂರ್ತಿ ಕೇಳಿ. ತಂಡದ ಹೆಸರು ‘ಡಗ್ ಆಂಥನಿ ಆಲ್ ಸ್ಟಾರ್ಸ್’. ಪಾಲ್ ಮೆಕ್‌ಡರ್ಮಟ್, ಟಿಮ್ ಫರ್ಗೂಸನ್, ಇವರು. ಡಗ್ ಆಂಥನಿ ಅಂದ್ರೆ ಇಲ್ಲಿ ಉಪಪ್ರಧಾನಿಯಾಗಿದ್ದವರು.”

“ಅಯ್ಯೋ, ನಮ್ಮಲ್ಲಿ ಉಪಮುಖ್ಯಮಂತ್ರಿ ಹೆಸರಿಟ್ಕೊಂಡು ಬೀದೀಲಿ ಕುಣಿದು ನೋಡಲಿ. ಸಾಯಂಕಾಲದೊಳಗೆ ಠಾಣೆಯಿಂದ ಕರೆ ಬರುತ್ತೆ!”

ನಾನು ನಡುವೆ ಬಾಯಿ ಹಾಕಿದೆ. ಆ ಡಗ್ ಆಂಥನಿ, ಪ್ರಧಾನಿ ರಜೆಯಲ್ಲಿದ್ದಾಗ ಹಂಗಾಮಿ ಪ್ರಧಾನಿಯಾಗಿ, ಸಮುದ್ರದ ದಂಡೆಯಲ್ಲಿ ನಿಲ್ಲಿಸಿದ ಕ್ಯಾರವಾನಿನಿಂದಲೇ ದೇಶ ನಡೆಸುತ್ತಿದ್ದವರು. ವಿಮಲಕ್ಕ ಇದನ್ನು ಗಂಭೀರವಾಗಿ ಪರಿಗಣಿಸಿದರು. “ಹಾಗಾದ್ರೆ ಅವರ ಹೆಸರಿಟ್ಕೊಂಡ ಹುಡುಗರು ರಸ್ತೆ ಮೇಲಿದ್ದದ್ದು ತಪ್ಪಲ್ಲ ಬಿಡು. ಆದ್ರೂ ಹೆಣ್ಣು ಕೊಡಲ್ಲ.”

ಕೊಡದೇ ಇದ್ದದ್ದೇ ಸರಿ. ಈ ಮೂವರ ಮುಖ ನೋಡಿದರೆ ಭಜನೆಗೆ ಹೊರಟ ಹುಡುಗರು. ಬಾಯಿ ತೆರೆದರೆ ಮನೆಮಂದಿ ಟಿವಿ ಸದ್ದು ತಗ್ಗಿಸಬೇಕು. ಮೂರು ದನಿ ಸೇರಿಸಿ ಇಂಪಾಗಿ ಹಾಡುತ್ತಲೇ ಎದುರಿಗೆ ಕೂತವರ ಮೈಮೇಲೆ ಬೀಳುವಂಥ ಆಟ. ಮೂವರಲ್ಲಿ ಗಿಟಾರು ಹಿಡಿದ ಫಿಡ್ಲರ್ ಸ್ವಲ್ಪ ಸಂಭಾವಿತ. ಪುಂಡರ ಗುಂಪಿನಲ್ಲಿ ಸಂಭಾವಿತನಾಗಿ ಕಾಣುವುದೂ ಒಂದು ಕಲೆಯೇ, ಅದಕ್ಕೆ ಅಭ್ಯಾಸ ಬೇಕು.

“ಆಮೇಲೆ ಎಡಿನ್‌ಬರೋ ಫ್ರಿಂಜ್ ಉತ್ಸವಕ್ಕೆ ಹೋಗಿ ಹೆಸರು ಮಾಡಿದ್ರು. 1989ರಿಂದ ಎಬಿಸಿ ಟಿವಿಯಲ್ಲಿ ‘ದಿ ಬಿಗ್ ಗಿಗ್’.”

“ಎಬಿಸಿ ಅಂದ್ರೆ ಸರ್ಕಾರದ್ದಲ್ವಾ? ಪೆನ್ಷನ್ ಇದೆಯಾ?”

“ಅಕ್ಕ, ಕಾಮಿಡಿಗೆ ಪೆನ್ಷನ್ನಾ!”

“ಹಾಗಿದ್ರೆ ಸರ್ಕಾರದ ಟಿವಿ ಆಗಿ ಏನು ಬಂತು?”

ಜಲಾಂತರ್ಗಾಮಿಯೊಳಗೆ ನಡೆಯುವ ಒಂದು ಹುಚ್ಚು ಧಾರಾವಾಹಿಯನ್ನೂ ಮಾಡಿ, 1994ರಲ್ಲಿ ಮೂವರೂ ಬೇರೆಬೇರೆಯಾದರು ಎಂದ ಸೀನ. ಕೆಲಸ ಬಿಟ್ಟ ವರ್ಷ ಎಂದು ವಿಮಲಕ್ಕ ಮನಸ್ಸಿನಲ್ಲೇ ಕೆಂಪು ಗೆರೆ ಎಳೆದದ್ದು ನಮಗೆಲ್ಲ ಕಂಡಿತು.

“1997: ‘ರೇಸ್ ಅರೌಂಡ್ ದಿ ವರ್ಲ್ಡ್’. ಹುಡುಗ ಹುಡುಗಿಯರ ಕೈಗೆ ಒಂದೊಂದು ಕ್ಯಾಮೆರಾ ಕೊಟ್ಟು ಪ್ರಪಂಚ ಸುತ್ತಕ್ಕೆ ಕಳಿಸೋದು. 100 ದಿನ, 10 ಪುಟ್ಟ ಚಿತ್ರ. ಇವರು ನಿರೂಪಕರು.”

“ಬೇರೆಯವರ ಮಕ್ಕಳನ್ನ ಊರೂರು ಅಲೆಸಿ ತಾನು ಸ್ಟುಡಿಯೋದಲ್ಲಿ ಕೂತಿದ್ದನಾ? ಜಾಣ. ಈಗ ಜಾತಕ ತರಿಸಬಹುದು.”

“1999ರಲ್ಲಿ ಬ್ರಿಟನ್ ರಾಣಿ ಬೇಡ, ಆಸ್ಟ್ರೇಲಿಯ ಗಣರಾಜ್ಯ ಆಗಲಿ ಅಂತ ಜನಮತಗಣನೆ ನಡೀತಲ್ಲ, ಆಗ ಗಣರಾಜ್ಯದ ಪರ ಓಡಾಡಿದವರಲ್ಲಿ ಇವರೂ ಒಬ್ರು. ನೂರಕ್ಕೆ 55ರಷ್ಟು ಜನ ಬೇಡ ಅಂದ್ರು.”

ಅಲ್ಲಿಯವರೆಗೂ ಸುಮ್ಮನಿದ್ದ ಬಸಣ್ಣ ಈಗ ತಲೆ ಎತ್ತಿದರು. “ನೋಡ್ರಿ, ರಾಜಾ ರಾಣಿ ಬ್ಯಾಡ ಅಂದಾಂವ, ಮುಂದ ಬರದದ್ದೆಲ್ಲಾ ರಾಜರ ಕಥೀನೇ!”

ಅದು ನಿಜ. 2005ರಲ್ಲಿ ಬ್ರಿಸ್ಬೇನಿಗೆ ಬಂದು ರೇಡಿಯೊ ಹಿಡಿದ ಫಿಡ್ಲರ್, 2016ರಲ್ಲಿ ‘ಘೋಸ್ಟ್ ಎಂಪೈರ್’ ತಂದರು. 14 ವರ್ಷದ ಮಗನನ್ನು ಜೊತೆಗೆ ಕಟ್ಟಿಕೊಂಡು ರೋಮಿಗೂ ಇಸ್ತಾಂಬುಲ್ಲಿಗೂ ಹೋದ ಪ್ರವಾಸ, ಅದರ ಬೆನ್ನಿಗೆ ಕಾನ್‌ಸ್ಟಾಂಟಿನೋಪಲ್ಲಿನ, ಅಂದರೆ ಹಿಂದಿನ ಇಸ್ತಾಂಬುಲ್ಲಿನ, ಸಾವಿರ ವರ್ಷ ಮೀರಿದ ಕಥೆ. 330ರಲ್ಲಿ ಉದ್ಘಾಟನೆಯಾದ ರೋಮನ್ನರ ಈ ರಾಜಧಾನಿ 1453ರ ಮೇ 29ಕ್ಕೆ ತುರ್ಕರ ಕೈಸೇರಿತು. ಗೆದ್ದ ಸುಲ್ತಾನ ಎರಡನೆಯ ಮೆಹಮದನಿಗೆ ಆಗ 21 ವರ್ಷ. ಕೊಲ್ಲಿಯ ಬಾಯಿಗೆ ಸರಪಳಿ ಬಿಗಿದಿದ್ದಾರೆ ಅಂತ ಹಡಗುಗಳನ್ನು ನೆಲದ ಮೇಲೆ, ಎಣ್ಣೆ ಸವರಿದ ದಿಮ್ಮಿಗಳ ಮೇಲೆ ಎಳೆಸಿ ಆಚೆ ಇಳಿಸಿದ ಆಸಾಮಿ.

“21 ವರ್ಷಕ್ಕಾ? ನಮ್ಮ ಪಕ್ಕದ ಮನೆ ಹುಡುಗ ಆ ವಯಸ್ಸಲ್ಲಿ ಕಸದ ಡಬ್ಬಿ ಗೇಟಿನವರೆಗೂ ಎಳೆಯಲ್ಲ” ಎಂದರು ವಿಮಲಕ್ಕ.

ಸೀನನಿಗೆ ಪ್ರಿಯವಾದ ದೊರೆ ಬೇರೆ: ಎರಡನೆಯ ಜಸ್ಟಿನಿಯನ್. ಅಂಗ ಊನವಾದವನಿಗೆ ಸಿಂಹಾಸನವಿಲ್ಲ ಎಂಬುದು ಅಲ್ಲಿಯ ರೂಢಿ. 695ರಲ್ಲಿ ಬಂಡೆದ್ದವರು ಇವನನ್ನು ಕೊಲ್ಲುವ ಗೋಜಿಗೆ ಹೋಗದೆ ಮೂಗು ಕೊಯ್ದು, ಕಪ್ಪು ಸಮುದ್ರದ ಆಚೆ ದಡಕ್ಕೆ ಅಟ್ಟಿದರು. ಇವನೋ, 705ರಲ್ಲಿ ಬಲ್ಗರರ ಸೇನೆ ಕಟ್ಟಿಕೊಂಡು ಬಂದ. ಕೋಟೆಬಾಗಿಲು ತೆಗೆಯಲಿಲ್ಲ. ರಾತ್ರಿ ನೀರಿನ ಕಾಲುವೆಯೊಳಗೆ ತೂರಿ ಊರು ಹೊಕ್ಕು ಮತ್ತೆ ಪಟ್ಟ ಏರಿದ. ಚಿನ್ನದ ಮೂಗು ಹಾಕಿಕೊಳ್ಳುತ್ತಿದ್ದ ಅಂತಲೂ ಹೇಳುತ್ತಾರೆ.

“ಮೂಗು ಹೋದ್ರೂ ಮಾನ ಹೋಗಿಲ್ಲ ಅಂದ್ಕೊಂಡನಲ್ಲ, ಭಂಡ!”

“ಮೂಗಿನ ಕಥೆ ಅಲ್ಲಿಗೇ ಮುಗಿಯಲ್ಲ ಅಕ್ಕ. 2020ರಲ್ಲಿ ಪ್ರಾಗ್ ನಗರದ ಬಗ್ಗೆ ‘ದಿ ಗೋಲ್ಡನ್ ಮೇಜ್’ ಬಂತು. ಆ ಊರಲ್ಲಿ ಟೈಕೋ ಬ್ರಾಹೆ. ಖಗೋಳ ಶಾಸ್ತ್ರಜ್ಞ. 1566ರಲ್ಲಿ ಕತ್ತಿಕಾಳಗದಲ್ಲಿ ಮೂಗಿನ ಚೂರು ಹಾರಿಹೋಗಿ, ಲೋಹದ್ದು ಅಂಟಿಸ್ಕೊಂಡು ಓಡಾಡ್ತಿದ್ದ.”

ಅದೇ ಊರಿನಲ್ಲಿ 1618ರಲ್ಲಿ ದೊರೆಯ ಕಡೆಯ ಅಧಿಕಾರಿಗಳನ್ನು ಕೋಟೆಯ ಕಿಟಕಿಯಿಂದ ಎತ್ತಿ ಬಿಸಾಡಿದರು, ಮೂವರೂ ಬದುಕಿದರು. ಕಾಪಾಡಿದ್ದು ದೇವಮಾತೆ ಎಂದಿತು ಒಂದು ಪಕ್ಷ, ತಿಪ್ಪೆ ಎಂದಿತು ಇನ್ನೊಂದು. ಅದರ ಬೆನ್ನಿಗೇ 30 ವರ್ಷದ ಯುದ್ಧ. ಇಂಥದ್ದನ್ನು ಹೇಳುವುದಕ್ಕೆ ರಂಗದ ಮೇಲೆ ಪಳಗಿದವರೇ ಬೇಕು ಎಂಬುದು ನನ್ನ ವಾದ. ಎದುರಿಗಿದ್ದವರು ಆಕಳಿಸುವ ಮೊದಲೇ ಮಾತು ತಿರುಗಿಸುವುದು ರಸ್ತೆಯಲ್ಲಿ ಚಿಲ್ಲರೆ ಎತ್ತಿದವನಿಗೆ ಗೊತ್ತು. ಪಾಠದ ಪುಸ್ತಕ ಬರೆಯುವವರಿಗೆ ಆ ಹೆದರಿಕೆಯೇ ಇಲ್ಲ, ಹುಡುಗರು ಎದ್ದು ಹೋಗುವಂತಿಲ್ಲವಲ್ಲ. ನಡುವೆ 2017ರಲ್ಲಿ, ಐಸ್‌ಲ್ಯಾಂಡಿನಲ್ಲಿ ಹುಟ್ಟಿದ ಗೆಳೆಯ ಕಾರಿ ಗಿಸ್ಲಾಸನ್ ಜೊತೆ ಆ ದೇಶದ ಹಳೇ ಕಥೆಗಳನ್ನು ಹುಡುಕಿಕೊಂಡು ಹೋಗಿ ‘ಸಾಗಾ ಲ್ಯಾಂಡ್’ ಬರೆದದ್ದೂ ಉಂಟು.

“ಗೆಳೆಯರು ಚೆನ್ನಾಗಿ ಸಿಕ್ಕಿದ್ದಾರೆ. ಆ ಹಳೇ ಇಬ್ಬರು ಏನಾದ್ರು?”

2014ರ ಹೊತ್ತಿಗೆ ತಂಡ ಮತ್ತೆ ರಂಗಕ್ಕೆ ಬಂತು ಎಂದ ಸೀನ. ಟಿಮ್‌ಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ, ಗಾಲಿಕುರ್ಚಿಯಲ್ಲಿ ಕೂತೇ ಆಟ. ಫಿಡ್ಲರ್ ಬದಲು ಗಿಟಾರು ಹಿಡಿದದ್ದು ಪಾಲ್ ಲಿವಿಂಗ್‌ಸ್ಟನ್. ಆ ಗಾಲಿಕುರ್ಚಿಯನ್ನೇ ತಮಾಷೆ ಮಾಡಿ ಮೂವರೂ ನಗಿಸುತ್ತಿದ್ದರಂತೆ. ವಿಮಲಕ್ಕ ಒಂದು ಕ್ಷಣ ಸುಮ್ಮನಾಗಿ, ಎದ್ದು ಕಾಫಿಗೆ ಇಟ್ಟರು. ಅಡುಗೆಮನೆಯಿಂದಲೇ, “ಮುಂದೆ?”

“2022: ‘ದಿ ಬುಕ್ ಆಫ್ ರೋಡ್ಸ್ ಅಂಡ್ ಕಿಂಗ್‌ಡಮ್ಸ್’. ಬಾಗ್ದಾದಿನ ಖಲೀಫರ ಕಾಲದ ಅಲೆಮಾರಿಗಳು. 921ರಲ್ಲಿ ಇಬ್ನ್ ಫದ್ಲಾನ್ ಅನ್ನೋನು ಅಲ್ಲಿಂದ ವೋಲ್ಗಾ ನದಿ ತನಕ ಹೋಗಿ ರೂಸ್ ಅನ್ನೋ ಉತ್ತರದ ಕಡೆಯ ವ್ಯಾಪಾರಿ ಜನಗಳನ್ನ ನೋಡ್ದ. ಖರ್ಜೂರದ ಮರದಷ್ಟು ಎತ್ತರ, ಅಂಥ ಮೈಕಟ್ಟು ಬೇರೆಲ್ಲೂ ಕಂಡಿಲ್ಲ ಅಂತಾನೆ. ಆದ್ರೆ ಬೆಳಿಗ್ಗೆ ಒಂದೇ ಬೋಗುಣಿ ನೀರಲ್ಲಿ ಒಬ್ಬರಾದ ಮೇಲೆ ಒಬ್ಬರು ಮುಖ ತೊಳೆದು, ಅದರಲ್ಲೇ ಮೂಗು ಸೀಟಿ...”

“ನಿಲ್ಸೋ! ಕಾಫಿ ಸೋಸ್ತಿದ್ದೀನಿ.”

ಆಗ ಬಸಣ್ಣ ಬೂಂದಿ ಡಬ್ಬಿ ಪಕ್ಕಕ್ಕಿಟ್ಟರು. ಕಲಬುರಗಿಯವರು ತಿಂಡಿ ಪಕ್ಕಕ್ಕಿಟ್ಟರೆ ವಿಷಯ ಗಂಭೀರ ಎಂದೇ ಅರ್ಥ.

“ಬಾಗ್ದಾದ್ ಆಯ್ತು, ರೋಮಿನವರದೂ ಆಯ್ತು. ಅದೇ ಅರಬರ ಪೈಕಿ ಸುಲೇಮಾನ್ ವ್ಯಾಪಾರಿ ಅಂತಿದ್ದ, ಕೇಳೀರೇನು? 851ರಾಗ ಬರದದ್ದು. ಜಗತ್ತಿನ್ಯಾಗ ದೊಡ್ಡ ದೊರಿಗಳು ನಾಕು ಮಂದಿ: ಬಾಗ್ದಾದಿನ ಖಲೀಫ, ಚೀನಾದಾಂವ, ರೂಮ್ ಅಂದ್ರ ಇದೇ ಕಾನ್‌ಸ್ಟಾಂಟಿನೋಪಲ್ಲಿನಾಂವ, ನಾಕನೇದಾಂವ ಬಲ್ಹರಾ. ಬಲ್ಹರಾ ಅಂದ್ರ ಯಾರು? ನಮ್ಮ ರಾಷ್ಟ್ರಕೂಟರ ದೊರಿ! ಆಗ ಪಟ್ಟದ ಮ್ಯಾಲ ಕೂತಾಂವ ಅಮೋಘವರ್ಷ. ಊರು ಮಾನ್ಯಖೇಟ. ನಮ್ಮ ಸೇಡಂ ತಾಲ್ಲೂಕಿನ ಮಳಖೇಡ್ರೀ!”

ಸೀನ ಫೋನ್ ಕೆಳಗಿಟ್ಟ. ಬಸಣ್ಣ ನಿಲ್ಲಲಿಲ್ಲ.

“ಇನ್ನೊಂದು ಕೇಳ್ರಿ. ಕಿವಿ ಚುಚ್ಚಿಸ್ಕೊಂಡ ರಾಜರೊಳಗ ಇಂವನೇ ಶ್ರೇಷ್ಠ ಅಂತ ಬರದಾನ. ಅಲ್ಲಿ ರಾಜರಿಗಿ ಮೂಗು ಕೊಯ್ಯೋದು, ನಮ್ಮಲ್ಲಿ ಬರೇ ಕಿವಿ ಚುಚ್ಚೋದು. ಯಾರು ಸುಧಾರಿಸಿದ ಮಂದಿ, ನೀವೇ ಹೇಳ್ರಿ.”

ನಾನೂ ಒಂದು ಸೇರಿಸಿದೆ. ಬಲ್ಹರಾ ದೊರೆಗಳು ದೀರ್ಘಕಾಲ ಆಳುವುದು ಅರಬರ ಮೇಲಿನ ಪ್ರೀತಿಯಿಂದಲೇ ಎಂದು ಅಲ್ಲಿಯ ಪ್ರಜೆಗಳು ನಂಬಿದ್ದರಂತೆ, ಅದೂ ಸುಲೇಮಾನನ ಬರಹದಲ್ಲೇ ಇದೆ. ಅಮೋಘವರ್ಷ ಆರು ದಶಕ ದಾಟಿ ಆಳಿದ್ದೂ ನಿಜ. ವ್ಯಾಪಾರಿ ಬರೆದ ಇತಿಹಾಸ ನೋಡಿ, ರಾಜನ ಆಯುಸ್ಸಿನಲ್ಲೂ ತನ್ನ ಕಮಿಷನ್ ಹಿಡಿದಿದ್ದಾನೆ.

“ಮತ್ತೆ ಇದನ್ನ ಯಾಕೆ ಯಾರೂ ಹೀಗೆ ರಸವತ್ತಾಗಿ ಹೇಳಲ್ಲ?” ವಿಮಲಕ್ಕ ಕಾಫಿ ಲೋಟ ಕೊಡುತ್ತ ಕೇಳಿದರು. “ನಮ್ಮಲ್ಲೂ ಸ್ಟ್ಯಾಂಡ್‌ಅಪ್ ಹುಡುಗರು ಬೇಕಾದಷ್ಟಿದ್ದಾರಲ್ಲ. ಒಬ್ಬನನ್ನ ಮಳಖೇಡಕ್ಕೆ ಅಟ್ಟಬೇಕು. ರೀ ಬಸಣ್ಣ, ಕೋಟೆ ಈಗ ಹೇಗಿದೆ?”

“ನಮ್ ಕಾಕಾನ ಮಗ ಅಲ್ಲೇ ಇರ್ತಾನ. ತಡೀರಿ, ಕೇಳೇ ಬಿಡೂಣು.”

ಸ್ಪೀಕರ್ ಹಾಕಿದರು. ಅಲ್ಲಿ ಇನ್ನೂ ನಡುಮಧ್ಯಾಹ್ನ, ಊಟದ ಮೇಲಿನ ನಿದ್ದೆ ಕೆಡಿಸಿದ ಸಿಟ್ಟು ದನಿಯಲ್ಲೇ ಇತ್ತು. ಬಸಣ್ಣ ಬಾಗ್ದಾದಿನಿಂದ ಹಿಡಿದು ನಾಲ್ಕು ದೊರೆಗಳ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದರು.

“ಕೋಟಿ ಕಾಗಿಣಾ ದಂಡಿ ಮ್ಯಾಗ ಎಲ್ಲದೋ ಅಲ್ಲೇ ಅದ” ಎಂದಿತು ಆ ದನಿ. “ಎಲ್ಲಿಗಿ ಹೋಗ್ತದ? ನೀ ಅದು ಬಿಡು ಬಸಣ್ಣಾ, ಅಲ್ಲಿ ಆಸ್ಟ್ರೇಲಿಯಾದಾಗ ತೊಗರಿ ಬ್ಯಾಳಿ ಕಿಲೋಕ್ಕ ಎಷ್ಟದ?”