ಎಕ್ಸೋಸೋಮ್ ಡ್ರಿಪ್‌ನಿಂದ ಸತ್ತ ಹೃದಯಸ್ನಾಯು ಮತ್ತೆ ಬೆಳೆಯುತ್ತದೆಯೇ?

ಪ್ರಶ್ನೆ (ರಾಣೆಬೆನ್ನೂರು): ಡಾಕ್ಟರ್ ಸಾಹೇಬರೆ, ನಮ್ಮ ತಂದೆಯವರಿಗೆ ಕಳೆದ ತಿಂಗಳು ಹೃದಯಾಘಾತವಾಗಿ, ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿಸಿದ್ದೇವೆ. ಎಕೋ ವರದಿಯಲ್ಲಿ ಇಎಫ್ (ಒಂದು ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು) 35% ಎಂದಿದೆ. ಜೀವಕೋಶಗಳು ಸ್ರವಿಸುವ ಎಕ್ಸೋಸೋಮ್‌ಗಳನ್ನು ಡ್ರಿಪ್‌ನಲ್ಲಿ ಕೊಟ್ಟರೆ ಸತ್ತ ಸ್ನಾಯು ಮತ್ತೆ ಬೆಳೆಯುತ್ತದೆ ಎಂಬ ಜಾಹೀರಾತೊಂದು ಮೊಬೈಲಿಗೆ ಬಂದಿದೆ. ಹೊಲ ಮಾರಿಯಾದರೂ ಕೊಡಿಸೋಣ ಎಂದು ತಮ್ಮ ಹಟ ಹಿಡಿದಿದ್ದಾನೆ. ಇದನ್ನು ನಂಬಬಹುದೇ?

ಉತ್ತರ (ಹೃದ್ರೋಗ ತಜ್ಞರು, ಹುಬ್ಬಳ್ಳಿ): ಹೊಲ ಮಾರಬೇಡಿ. ಎಕ್ಸೋಸೋಮ್ ಎಂಬುದು ಸುಳ್ಳಲ್ಲ, ಆದರೆ ಆ ಜಾಹೀರಾತಿನ ಮಾತು ಸುಳ್ಳು. ಜೀವಕೋಶಗಳು ಹೊರಬಿಡುವ, ಸುಮಾರು 30ರಿಂದ 150 ನ್ಯಾನೊಮೀಟರ್ ಗಾತ್ರದ ಪೊರೆಚೀಲಗಳಿವು. 1983ರಲ್ಲಿ ಬೆಳೆಯುತ್ತಿರುವ ಕೆಂಪು ರಕ್ತಕಣಗಳಲ್ಲಿ ಇವು ಕಂಡಾಗ, ಕೋಶವು ತನಗೆ ಬೇಡವಾದದ್ದನ್ನು ಹೊರಹಾಕುವ ದಾರಿ ಇದೆಂದೇ ಭಾವಿಸಲಾಗಿತ್ತು. ಇವುಗಳೊಳಗಿನ ಆರ್‌ಎನ್‌ಎ (ಕೋಶಕ್ಕೆ ಸೂಚನೆ ಒಯ್ಯುವ ಅಣು) ಇನ್ನೊಂದು ಕೋಶಕ್ಕೆ ತಲುಪಿ ಅಲ್ಲಿ ಕೆಲಸ ಮಾಡುತ್ತದೆ ಎಂಬುದು 2007ರಲ್ಲಿ ತಿಳಿಯಿತು.

ಹೃದಯದ ವಿಷಯದಲ್ಲಿ ಸಂಶೋಧಕರನ್ನು ಇವುಗಳ ಕಡೆಗೆ ತಿರುಗಿಸಿದ್ದು ಒಂದು ವಿಚಿತ್ರ ಸಂಗತಿ. ಪ್ರಾಣಿಗಳ ಗಾಯಗೊಂಡ ಹೃದಯಕ್ಕೆ ಚುಚ್ಚಿದ ಕಾಂಡಕೋಶಗಳಲ್ಲಿ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್) ಹೆಚ್ಚಿನವು ಕೆಲವೇ ದಿನಗಳಲ್ಲಿ ಅಳಿದುಹೋಗುತ್ತಿದ್ದವು, ಹಾಗಿದ್ದರೂ ಹೃದಯದ ಬಡಿತದ ಬಲ ಸುಧಾರಿಸುತ್ತಿತ್ತು. ಕೋಶಗಳೇ ಇಲ್ಲವೆಂದ ಮೇಲೆ ಸುಧಾರಣೆ ತಂದದ್ದು ಯಾವುದು? ಕಾಂಡಕೋಶಗಳನ್ನು ಬೆಳೆಸಿದ ದ್ರವದಿಂದ, ಗಾತ್ರಕ್ಕೆ ತಕ್ಕಂತೆ ಕಣಗಳನ್ನು ವಿಂಗಡಿಸುವ ವಿಧಾನದಲ್ಲಿ ಪೊರೆಚೀಲಗಳನ್ನಷ್ಟೇ ಬೇರ್ಪಡಿಸಿ, 2010ರಲ್ಲಿ ಇಲಿಗಳಿಗೆ ಕೊಟ್ಟು ನೋಡಿದಾಗ ಹಾನಿಗೊಳಗಾದ ಭಾಗದ ವಿಸ್ತಾರ ಕಡಿಮೆಯಾಯಿತು. ಇವು ಸಾಯುವ ಅಂಚಿನಲ್ಲಿರುವ ಕೋಶಗಳನ್ನು ಉಳಿಸುತ್ತವೆ, ಉರಿಯೂತವನ್ನು ತಗ್ಗಿಸುತ್ತವೆ, ಹೊಸ ಸಣ್ಣ ರಕ್ತನಾಳಗಳು ಚಿಗುರಲು ನೆರವಾಗುತ್ತವೆ. ಕಲೆಗಟ್ಟಿಹೋದ ಜಾಗದಲ್ಲಿ ಹೊಸ ಸ್ನಾಯುವನ್ನು ಕಟ್ಟಿಕೊಡುವುದಿಲ್ಲ. ಅಲ್ಲದೆ ರಕ್ತನಾಳಕ್ಕೆ ಕೊಟ್ಟರೆ ಬಹುಪಾಲು ಯಕೃತ್ತು ಮತ್ತು ಗುಲ್ಮದಲ್ಲಿಯೇ ಉಳಿದುಬಿಡುತ್ತವೆ, ಹೃದಯಕ್ಕೆ ಸೇರುವುದು ಅತ್ಯಲ್ಪ. ಇದು ಇನ್ನೂ ಪ್ರಯೋಗದ ಹಂತದ ವಿದ್ಯೆ; ಇದಕ್ಕೆ ಹಣ ಕೇಳುವವರನ್ನು ಸಂಶಯದಿಂದಲೇ ನೋಡಬೇಕು.

ಮರುಪ್ರಶ್ನೆ (ರಾಣೆಬೆನ್ನೂರು): ಹಾಗಾದರೆ 35% ಇದ್ದದ್ದು ಏರುವುದೇ ಇಲ್ಲವೇ?

ಉತ್ತರ: ಏರುವ ಸಾಧ್ಯತೆ ಇದೆ. ಆಘಾತವಾದ ಹೊಸತರಲ್ಲಿ ಕೆಲಸ ನಿಲ್ಲಿಸಿದ ಸ್ನಾಯುವೆಲ್ಲ ಸತ್ತಿರುವುದಿಲ್ಲ. ಒಂದಿಷ್ಟು ಭಾಗ ಮಂಕಾಗಿ ಕುಳಿತಿದ್ದು, ರಕ್ತ ಸಂಚಾರ ಮರಳಿದ ಮೇಲೆ ವಾರಗಟ್ಟಲೆ ಸಮಯ ತೆಗೆದುಕೊಂಡು ಚೇತರಿಸಿಕೊಳ್ಳುತ್ತದೆ. ನಿಮ್ಮ ವೈದ್ಯರು ಬರೆದ ಗುಳಿಗೆಗಳನ್ನು, ಮುಖ್ಯವಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವವನ್ನು, ಅವರನ್ನು ಕೇಳದೆ ಒಂದು ದಿನವೂ ಬಿಡಬಾರದು. ತಂಬಾಕು, ಗುಟ್ಕಾ ಇದ್ದರೆ ಇಂದೇ ನಿಲ್ಲಿಸಿ. ಸ್ಟೆಂಟ್ ಹಾಕಿ ಮೂರು ತಿಂಗಳಾದ ಮೇಲೆ ಎಕೋ ಮತ್ತೆ ಮಾಡಿಸಿ, ಆಗಲೂ 35% ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಐಸಿಡಿ ಯಂತ್ರ (ಬಡಿತ ಅಪಾಯಕಾರಿಯಾಗಿ ಏರುಪೇರಾದರೆ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ ಸಾಧನ) ಅಳವಡಿಸುವ ಕುರಿತು ಅವರ ಜೊತೆ ಮಾತನಾಡಿ.